ಪ್ರತಿ ಬಾಣಕ್ಕೂ ಒಂದು ಕ್ರಿಯಾಪದ ಬೇಕು

ಪ್ರಶ್ನೆ: ಮೇಡಂ, ನಾನು ಕೋಲಾರ ಜಿಲ್ಲೆಯ ಕೆರೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಹೂಳೆತ್ತಿದ ಕೆರೆಗಳ ಸುತ್ತ ಮತ್ತು ಹೂಳೆತ್ತದ ಕೆರೆಗಳ ಸುತ್ತ ಇರುವ ಕೊಳವೆಬಾವಿಗಳಲ್ಲಿ ಎರಡು ವರ್ಷ ನೀರಿನ ಮಟ್ಟ ಅಳೆದಿದ್ದೇನೆ. ಇಡೀ ಸಂಶೋಧನೆಯನ್ನು ಒಂದೇ ಚಿತ್ರದಲ್ಲಿ ತೋರಿಸಲು ಹೋಗಿ 14 ಬಾಕ್ಸ್, 22 ಬಾಣ ಆಗಿವೆ. ಗೈಡ್ ನೋಡಿ, 'ಎಲ್ಲಾ ಇದೆ, ಆದರೆ ಏನೂ ಗೊತ್ತಾಗ್ತಿಲ್ಲ' ಅಂದರು. ಯಾವ ಸಾಫ್ಟ್‌ವೇರ್ ಬಳಸಿದರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ? ಬಣ್ಣ ಹೇಗೆ ಆರಿಸಬೇಕು? ಇದೇ ಚಿತ್ರವನ್ನು ಊರಿನವರಿಗೆ ಕನ್ನಡದಲ್ಲೂ ತೋರಿಸುವ ಆಸೆ ಇದೆ. ನನ್ನ ಚಿತ್ರ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಚಿತ್ರವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡು ಎರಡು ದಿನ ನೋಡಿದೆ. ಶ್ರಮ ಕಾಣುತ್ತದೆ. ನೀವು ಮೊದಲು ಕೇಳಿರುವುದು ಸಾಫ್ಟ್‌ವೇರ್ ಬಗ್ಗೆ. ಆದರೆ ನಿಮ್ಮ ಚಿತ್ರದ ತೊಂದರೆ ಅಲ್ಲಿಲ್ಲ. ಇದೇ 14 ಬಾಕ್ಸನ್ನು ಎಷ್ಟೇ ದುಬಾರಿ ಸಾಫ್ಟ್‌ವೇರ್‌ನಲ್ಲಿ ಬರೆದರೂ ನಿಮ್ಮ ಗೈಡ್ ಅದೇ ಮಾತು ಹೇಳುತ್ತಿದ್ದರು. ತೊಂದರೆ ಇರುವುದು ಬಾಣಗಳಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಚಿತ್ರದಲ್ಲಿ 'ಮಳೆ'ಯಿಂದ 'ಕೆರೆ'ಗೆ ಒಂದು ಬಾಣ ಇದೆ. ಅದು ನೀರು ಹರಿಯುವ ಬಾಣ, ಸರಿ. 'ಹೂಳು' ಅನ್ನುವ ಬಾಕ್ಸಿನಿಂದ 'ಇಂಗುವಿಕೆ'ಗೆ ಇನ್ನೊಂದು ಬಾಣ ಇದೆ. ಹೂಳು ಇಂಗುವಿಕೆಗೆ ಹರಿದು ಹೋಗುವುದಿಲ್ಲ, ಅಲ್ವಾ? ಅದು ಇಂಗುವುದನ್ನು ಕಡಿಮೆ ಮಾಡುತ್ತದೆ. 'ಕೆರೆಗಳ ಆಯ್ಕೆ'ಯಿಂದ 'ನೀರಿನ ಮಟ್ಟದ ಅಳತೆ'ಗೆ ಮೂರನೆಯದೊಂದು ಬಾಣ. ಅಲ್ಲಿ ನೀರೂ ಇಲ್ಲ, ಕಾರಣವೂ ಇಲ್ಲ. ನೀವು ಮೊದಲು ಯಾವ ಕೆಲಸ ಮಾಡಿದಿರಿ, ಆಮೇಲೆ ಯಾವುದು ಅನ್ನುವ ಕ್ರಮ ಅಷ್ಟೇ. 'ಸಮುದಾಯ' ಮತ್ತು 'ಕೆರೆ' ನಡುವೆ ಎರಡೂ ತುದಿಗೆ ಮೊನೆ ಇರುವ ಬಾಣ ಹಾಕಿದ್ದೀರಿ. ಇವೆರಡಕ್ಕೂ ಏನೋ ಸಂಬಂಧ ಇದೆ ಅನ್ನುವುದಕ್ಕಿಂತ ಹೆಚ್ಚಿನದು ಅದರಲ್ಲಿ ನನಗೆ ಸಿಗಲಿಲ್ಲ.

ಈ ನಾಲ್ಕೂ ಬಾಣಗಳು ಒಂದೇ ದಪ್ಪ, ಒಂದೇ ಕಪ್ಪು ಬಣ್ಣ. ನೋಡುವವರು ಮೊದಲನೆಯದನ್ನು 'ಹರಿಯುತ್ತದೆ' ಅಂತ ಓದಿಕೊಂಡರೆ ಎರಡನೆಯದನ್ನೂ ಹಾಗೇ ಓದುತ್ತಾರೆ. ಅರ್ಥ ಕೂಡದೆ ಹೋದಾಗ ಕಣ್ಣು ಹಿಂದಕ್ಕೆ ಹೋಗುತ್ತದೆ. ಎರಡು ಮೂರು ಸಲ ಹೀಗಾದರೆ ಓದುವುದನ್ನೇ ಬಿಟ್ಟು ಸುಮ್ನೆ ತಲೆ ಆಡಿಸುತ್ತಾರೆ.

ಹಾಗಾಗಿ ಒಂದು ಕೆಲಸ ಮಾಡಿ. ಚಿತ್ರವನ್ನು ಮುಂದಿಟ್ಟುಕೊಂಡು ಪ್ರತಿ ಬಾಣದ ಮೇಲೆ ಬೆರಳಿಟ್ಟು, ಎರಡು ಬಾಕ್ಸ್‌ಗಳನ್ನೂ ಸೇರಿಸಿ ಒಂದು ಪೂರ್ತಿ ವಾಕ್ಯವನ್ನು ಬಾಯಿಬಿಟ್ಟು ಹೇಳಿ. 'ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹರಿಯುತ್ತದೆ.' 'ಹೂಳು ತುಂಬಿದರೆ ನೀರು ಇಂಗುವುದು ಕಡಿಮೆಯಾಗುತ್ತದೆ.' ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಇದು ಒಳ್ಳೆಯ ಪರೀಕ್ಷೆ. ಕ್ರಿಯಾಪದ ಸಿಗದಿದ್ದರೆ ವಾಕ್ಯ ಅರ್ಧಕ್ಕೇ ನಿಂತುಬಿಡುತ್ತದೆ, ನಿಮಗೇ ಗೊತ್ತಾಗುತ್ತದೆ. ವಾಕ್ಯ ನಿಂತ ಕಡೆ ಬಾಣ ಅಳಿಸಿ. ನಾನು ನಿಮ್ಮ ಚಿತ್ರದಲ್ಲಿ ಇದನ್ನು ಮಾಡಿ ನೋಡಿದೆ. 22 ಬಾಣಗಳಲ್ಲಿ ಒಂಬತ್ತಕ್ಕೆ ಕ್ರಿಯಾಪದ ಸಿಗಲಿಲ್ಲ.

ಉಳಿದ ಹದಿಮೂರನ್ನು ಕ್ರಿಯಾಪದದ ಪ್ರಕಾರ ಗುಂಪು ಮಾಡಿ. ನಿಮ್ಮಲ್ಲಿ ಮೂರು ಗುಂಪು ಬರುತ್ತವೆ. ನೀರು ಹರಿಯುವುದು ಒಂದು. ಒಂದರಿಂದ ಇನ್ನೊಂದು ಹೆಚ್ಚಾಗುವುದು, ಕಡಿಮೆಯಾಗುವುದು ಇನ್ನೊಂದು. ನೀವು ಕೆಲಸ ಮಾಡಿದ ಕ್ರಮ ಮೂರನೆಯದು. ಅಂದರೆ ನಿಮ್ಮ ಹತ್ತಿರ ಇರುವುದು ಮೂರು ಬೇರೆ ಬೇರೆ ಚಿತ್ರ. ಒಂದರ ಮೇಲೊಂದು ಹಾಕಿದ್ದರಿಂದ ಗೋಜಲಾಗಿದೆ. ಕೆಲಸದ ಕ್ರಮಕ್ಕೆ ಚಿತ್ರವೇ ಬೇಡ. ಕೆರೆ ಆರಿಸಿದೆ, ಅಳೆದೆ, ಹೋಲಿಸಿದೆ ಅನ್ನುವುದನ್ನು ನಾಲ್ಕು ಸಾಲಿನಲ್ಲಿ ಬರೆದರೆ ಮುಗಿಯಿತು. ಅಲ್ಲಿಗೆ ಎರಡು ಚಿತ್ರ ಉಳಿಯುತ್ತವೆ. ಕೆರೆಯಲ್ಲಿ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ಒಂದು, ಹೂಳು ತೆಗೆದರೆ ಏನಾಗುತ್ತದೆ ಅನ್ನುವುದು ಇನ್ನೊಂದು.

'ಇಡೀ ಸಂಶೋಧನೆ ಒಂದೇ ಚಿತ್ರದಲ್ಲಿ' ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಇದಕ್ಕೆ ನನ್ನ ಹತ್ತಿರ ಇರುವ ಒಳ್ಳೆಯ ಉದಾಹರಣೆ ಲಂಡನ್ನಿನ ಡಾಕ್ಟರ್ ಜಾನ್ ಸ್ನೋ ಅವರ ಕಾಲರಾ ನಕ್ಷೆ. 1854ರಲ್ಲಿ ಸೋಹೋ ಅನ್ನುವ ಬಡಾವಣೆಯಲ್ಲಿ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ಬ್ರಾಡ್ ಸ್ಟ್ರೀಟ್‌ನ ಕೈಪಂಪಿನ ನೀರೇ ಕಾರಣ ಅಂತ ಸ್ನೋ ಹೇಳಿದರು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿ ತೆಗೆಸಲಾಯಿತು. ನಕ್ಷೆ ನೋಡಿ ಅವರಿಗೆ ಹೊಳೆಯಿತು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕಾಲರಾ ನೀರಿನಿಂದ ಹರಡುತ್ತದೆ ಅನ್ನುವುದನ್ನು ಅವರು ಮೊದಲಿಂದಲೇ ಹೇಳುತ್ತಿದ್ದರು. ಮನೆ ಮನೆಯ ಸಾವಿನ ವಿಚಾರಣೆ ಮಾಡಿದರು, ಹಿಡಿ ತೆಗೆಸಿದರು. ನಕ್ಷೆ ಆಮೇಲೆ ಬಂತು. ಹೇಳುವ ವಾಕ್ಯ ಗೊತ್ತಿದ್ದುದರಿಂದ ಏನನ್ನು ಬರೆಯಬೇಕು ಅನ್ನುವುದೂ ಅವರಿಗೆ ಗೊತ್ತಿತ್ತು. ಸತ್ತ ಪ್ರತಿಯೊಬ್ಬರಿಗೆ ಆ ಮನೆಯ ಮುಂದೆ ಒಂದು ಸಣ್ಣ ಕಪ್ಪು ಪಟ್ಟಿ, ಪಂಪುಗಳಿಗೆ ಒಂದು ಗುರುತು, ಬೀದಿಗಳ ಗೆರೆ. ಅಷ್ಟೇ.

ಇದರಲ್ಲಿ ನನಗೆ ಇನ್ನೂ ಇಷ್ಟವಾದದ್ದು ಅವರು ಮತ್ತೆ ಮಾಡಿದ ನಕ್ಷೆ. ವಿಚಾರಣಾ ಸಮಿತಿಯ ವರದಿಗಾಗಿ ಅದೇ ನಕ್ಷೆಗೆ ಒಂದು ಚುಕ್ಕಿ ಗೆರೆ ಸೇರಿಸಿದರು. ಆ ಗೆರೆಯ ಒಳಗೆ ಇರುವವರಿಗೆ ನಡೆದು ಹೋಗಲು ಬ್ರಾಡ್ ಸ್ಟ್ರೀಟ್ ಪಂಪೇ ಹತ್ತಿರ, ಹೊರಗಿದ್ದವರಿಗೆ ಬೇರೆ ಪಂಪು ಹತ್ತಿರ. ಸಾವುಗಳು ಹೆಚ್ಚಾಗಿ ಗೆರೆಯ ಒಳಗೇ ಇದ್ದವು. 'ಜನ ಹತ್ತಿರದ ಪಂಪಿನ ನೀರು ಕುಡಿದು ಸತ್ತರು' ಅನ್ನುವ ವಾಕ್ಯವನ್ನು ಆ ಒಂದು ಗೆರೆ ಹೇಳಿಬಿಟ್ಟಿತು. ಹತ್ತಿರದ ವರ್ಕ್‌ಹೌಸಿನಲ್ಲಿ, ಅಂದರೆ ಬಡವರನ್ನು ಇಟ್ಟುಕೊಂಡು ದುಡಿಸುವ ಮನೆಯಲ್ಲಿ, 535 ಜನರಿದ್ದರೂ ಕಾಲರಾದಿಂದ ಸತ್ತವರು ಐದೇ ಜನ, ಯಾಕೆಂದರೆ ಅವರಿಗೆ ಅವರದೇ ಬಾವಿ ಇತ್ತು. ಇದು ಬಹಳ ಮುಖ್ಯ ಸಾಕ್ಷಿ. ಆದರೂ ಸ್ನೋ ಅದನ್ನು ನಕ್ಷೆಯ ಮೂಲೆಯಲ್ಲಿ ಬಾಕ್ಸ್ ಮಾಡಿ ತುರುಕಲಿಲ್ಲ, ಬರಹದಲ್ಲಿ ಹೇಳಿದರು.

ನಿಮ್ಮ ಚಿತ್ರಕ್ಕೆ ಆ ಒಂದು ವಾಕ್ಯ ಯಾವುದು? ಪತ್ರ ಓದಿದಾಗ ನನಗೆ ತಿಳಿದದ್ದು ಇದು: 'ಹೂಳೆತ್ತಿದ ಕೆರೆಗಳ ಸುತ್ತ ಕೊಳವೆಬಾವಿಯ ನೀರು, ಹೂಳೆತ್ತದ ಕೆರೆಗಳ ಸುತ್ತಲಿಗಿಂತ ಮೇಲಿದೆ.' ಇದು ಸರಿಯಾಗಿದ್ದರೆ ಚಿತ್ರದಲ್ಲಿ ಎರಡು ಕೆರೆ ಅಕ್ಕಪಕ್ಕ ಕಾಣಬೇಕು. ಈಗಿನ ಚಿತ್ರದಲ್ಲಿ ಕೆರೆ ಒಂದೇ ಬಾಕ್ಸ್! ನೀವು ಎರಡು ವರ್ಷ ಮಾಡಿದ್ದು ಹೋಲಿಕೆ, ಆ ಹೋಲಿಕೆಯೇ ಚಿತ್ರದಲ್ಲಿ ಇಲ್ಲ.

ಹಾಗಾದರೆ ಹೊಸದಾಗಿ ಹೀಗೆ ಬರೆಯಿರಿ ಅಂತ ನಾನು ಹೇಳುತ್ತೇನೆ. ಬಾಕ್ಸ್ ಬಿಡಿ. ಕೆರೆಯನ್ನು ಚಾಕುವಿನಿಂದ ಕೊಯ್ದು ಪಕ್ಕದಿಂದ ನೋಡಿದ ಹಾಗೆ ಬರೆಯಿರಿ. ಎಡಕ್ಕೆ ಹೂಳು ತುಂಬಿದ ಕೆರೆ, ಬಲಕ್ಕೆ ಹೂಳೆತ್ತಿದ ಕೆರೆ. ಎರಡಕ್ಕೂ ಒಂದೇ ಏರಿ, ಒಂದೇ ತೂಬು, ಒಂದೇ ಅಗಲ. ಬೇರೆ ಇರಬೇಕಾದದ್ದು ಎರಡೇ: ತಳದಲ್ಲಿ ಹೂಳಿನ ಪದರ, ಮತ್ತು ಕೊಳವೆಬಾವಿಯಲ್ಲಿ ನೀರಿನ ಮಟ್ಟ. ಉಳಿದದ್ದೆಲ್ಲ ಒಂದೇ ಥರ ಇದ್ದಾಗ ಕಣ್ಣು ತಾನಾಗಿ ಬೇರೆ ಇರುವ ಕಡೆಗೆ ಹೋಗುತ್ತದೆ. ಬಾಣದ ಸಹಾಯವೂ ಬೇಕಾಗಿಲ್ಲ. ಇಂಗುವ ನೀರಿಗೆ ಮಾತ್ರ ಬಾಣ ಹಾಕಿ. ಎಡಕ್ಕೆ ತೆಳು ಬಾಣ, ಬಲಕ್ಕೆ ದಪ್ಪ ಬಾಣ.

ಇಲ್ಲಿ ಎರಡು ತಪ್ಪು ಸುಲಭವಾಗಿ ನುಸುಳುತ್ತವೆ. ಅಂತರ್ಜಲ ತೋರಿಸಲು ಜನ ನೆಲದಡಿಯಲ್ಲಿ ಒಂದು ನೀಲಿ ಸರೋವರ ಬರೆದುಬಿಡುತ್ತಾರೆ. ಕೋಲಾರದ ಕಡೆ ಕೆಳಗೆ ಗಟ್ಟಿ ಕಲ್ಲು. ನೀರಿರುವುದು ಮೇಲಿನ ಸವೆದ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ. ಬಿರುಕನ್ನೇ ಬರೆಯಿರಿ. ಇಲ್ಲದಿದ್ದರೆ ಒಬ್ಬರ ತೋಟದ ಬಾವಿಗೆ ನೀರು ಬಂದು ಪಕ್ಕದವರಿಗೆ ಯಾಕೆ ಬರಲಿಲ್ಲ ಅನ್ನುವುದು ನಿಮ್ಮ ಚಿತ್ರ ನೋಡಿದವರಿಗೆ ಎಂದೂ ಅರ್ಥವಾಗುವುದಿಲ್ಲ. ಇನ್ನೊಂದು ಅಳತೆಯ ತೊಂದರೆ. ಕೆರೆ ಕೆಲವೇ ಮೀಟರ್ ಆಳ. ಕೊಳವೆಬಾವಿ ಆ ಸೀಮೆಯಲ್ಲಿ 1000 ಅಡಿ ದಾಟಿರುವುದೂ ಉಂಟು. ಎರಡನ್ನೂ ನಿಜವಾದ ಅಳತೆಯಲ್ಲಿ ಬರೆದರೆ ಕೆರೆ ಕಾಣುವುದೇ ಇಲ್ಲ. ಬಾವಿಯ ಕೊಳವೆಯನ್ನು ನಡುವೆ ತುಂಡರಿಸಿದ ಗುರುತು ಹಾಕಿ, ಕೆಳಗೆ 'ಅಳತೆಗೆ ತಕ್ಕಂತೆ ಬರೆದಿಲ್ಲ' ಅಂತ ಬರೆದುಬಿಡಿ.

ಏನನ್ನು ಸರಳ ಮಾಡಬಹುದು, ಏನನ್ನು ಮಾಡಬಾರದು ಅನ್ನುವ ಅಂದಾಜಿಗೆ ನಮ್ಮ ಮೆಟ್ರೋ ನಕ್ಷೆ ನೋಡಿ. ಹಳಿ ಊರಲ್ಲಿ ಎಲ್ಲೆಲ್ಲೋ ತಿರುಗುತ್ತದೆ, ನಕ್ಷೆಯಲ್ಲಿ ನೇರ ಗೆರೆ. ಮೆಜೆಸ್ಟಿಕ್‌ನಲ್ಲಿ ನೇರಳೆ, ಹಸಿರು ಗೆರೆಗಳು ಸೇರುತ್ತವೆ ಅನ್ನುವುದು ಮಾತ್ರ ತಪ್ಪುವಂತಿಲ್ಲ. ಈ ದಾರಿ ಹಾಕಿಕೊಟ್ಟವರು ಹ್ಯಾರಿ ಬೆಕ್. ಅವರ ಲಂಡನ್ ರೈಲಿನ ನಕ್ಷೆ 1933ರಲ್ಲಿ ಜನರ ಕೈಗೆ ಬಂತು. ರೈಲು ಹತ್ತಿದವನಿಗೆ ಬೇಕಾದದ್ದು ಎಲ್ಲಿ ಇಳಿಯಬೇಕು, ಎಲ್ಲಿ ಬದಲಾಯಿಸಬೇಕು ಅನ್ನುವುದು ಅಂತ ಅವರು ದೂರದ ಅಳತೆಯನ್ನು ಬಿಟ್ಟರು. ನಿಮ್ಮ ಓದುಗರಿಗೆ ಕೆರೆಯ ಅಗಲ ಬೇಡ, ಆದರೆ ಮಟ್ಟ ಬೇಕು. ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದು ತಪ್ಪಬಾರದು.

ಮಟ್ಟದ ವಿಷಯ ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದು ಸಂಶೋಧನಾ ತಂಡಕ್ಕಾಗಿ ಕೆರೆಯ ಚಿತ್ರ ಬರೆದು, ಬಣ್ಣದ ಪ್ರಿಂಟ್ ತೆಗೆದುಕೊಂಡು ಒಂದು ಊರಿಗೆ ಹೋಗಿದ್ದೆ. ಏರಿಯ ಮೇಲೆ ಹರಡಿ ವಿವರಿಸುತ್ತಿದ್ದೆ. ಹಿಂದೆ ನೀರುಗಂಟಿ ಕೆಲಸ ಮಾಡಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ ಕೇಳಿದರು: 'ಕೋಡಿ ಇಷ್ಟು ತಗ್ಗಲ್ಲಿದ್ರೆ ಕೆರೆ ತುಂಬೋದು ಹೆಂಗಮ್ಮ?' ನಾನು ಜಾಗ ಇದೆ ಅಂತ ಕೋಡಿಯನ್ನು ತೂಬಿನ ಪಕ್ಕಕ್ಕೇ ಬರೆದಿದ್ದೆ. ತೂಬು ತಳದ ಹತ್ತಿರ ಇರುತ್ತದೆ, ಅಚ್ಚುಕಟ್ಟಿಗೆ, ಅಂದರೆ ಕೆರೆಯ ಕೆಳಗಿನ ಜಮೀನಿಗೆ, ನೀರು ಬಿಡುವುದಕ್ಕೆ. ಕೋಡಿ ತುಂಬಿದ ಕೆರೆಯ ಮಟ್ಟದಲ್ಲಿರುತ್ತದೆ, ಹೆಚ್ಚಾದ ನೀರು ಹೋಗುವುದಕ್ಕೆ. ನನ್ನ ಚಿತ್ರದ ಪ್ರಕಾರ ಆ ಕೆರೆ ಎಂದೂ ತುಂಬುತ್ತಿರಲಿಲ್ಲ. ಆ ಚಿತ್ರವನ್ನು ಅದಕ್ಕೆ ಮೊದಲು ಮೂವರು ವಿಜ್ಞಾನಿಗಳು ನೋಡಿದ್ದರು. ಅವರೆಲ್ಲ ನೋಡಿದ್ದು ಹೆಸರುಗಳನ್ನು. ಹಿರಿಯರು ನೋಡಿದ್ದು ನೀರನ್ನು. ಅಂದಿನಿಂದ ಯಾವ ಚಿತ್ರವನ್ನೂ ಆ ಕೆಲಸ ಕೈಯಾರೆ ಮಾಡಿದವರಿಗೆ ತೋರಿಸದೆ ನಾನು ಮುಗಿಸಿಲ್ಲ. ನೀವೂ ತೋರಿಸಿ. 'ಚೆನ್ನಾಗಿದೆಯಾ?' ಅಂತ ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. 'ಇದರಲ್ಲಿ ಏನಾಗ್ತಿದೆ, ನೀವೇ ಹೇಳಿ' ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಿ.

ಇನ್ನು ಎರಡನೆಯ ಚಿತ್ರ, ಹೂಳು ತೆಗೆದರೆ ಏನಾಗುತ್ತದೆ ಅನ್ನುವುದು. ಇಲ್ಲಿ ಬಾಕ್ಸ್ ಮತ್ತು ಬಾಣ ಇರಲಿ, ಐದಾರು ಸಾಕು. ಆದರೆ ನೀವು ಅಳೆದು ಕಂಡದ್ದಕ್ಕೆ ಪೂರ್ತಿ ಗೆರೆ, ಹೀಗಿರಬಹುದು ಅಂತ ಊಹಿಸಿದ್ದಕ್ಕೆ ಚುಕ್ಕಿ ಗೆರೆ ಹಾಕಿ. ನೀವು ಅಳೆದದ್ದು ಕೊಳವೆಬಾವಿಯ ಮಟ್ಟ. 'ಇಂಗುವಿಕೆ'ಯನ್ನು ನೀವು ಅಳೆದಿಲ್ಲ, ಅಲ್ವಾ? ಹಾಗಾದರೆ ಅದರೊಳಗೆ ಬರುವ, ಅದರಿಂದ ಹೊರಡುವ ಬಾಣಗಳೆರಡೂ ಚುಕ್ಕಿ ಗೆರೆಯಲ್ಲೇ ಇರಬೇಕು. ಮಳೆಯಿಂದಲೂ ಕೊಳವೆಬಾವಿಯ ಮಟ್ಟಕ್ಕೆ ಒಂದು ಬಾಣ ಬೇಕು, ಪಂಪಿನಿಂದ ನೀರೆತ್ತುವುದಕ್ಕೂ ಒಂದು ಬೇಕು. ಇವೆರಡು ನಿಮ್ಮ ಚಿತ್ರದಲ್ಲಿ ಇಲ್ಲವೇ ಇಲ್ಲ. ವೈವಾದಲ್ಲಿ ಮೊದಲು ಬರುವ ಪ್ರಶ್ನೆ ಇದೇ ಆಗಿರುತ್ತದೆ: 'ಆ ವರ್ಷ ಮಳೆ ಜಾಸ್ತಿ ಆಗಿದ್ದಕ್ಕೆ ನೀರು ಮೇಲೆ ಬಂದಿರಬಹುದಲ್ಲ?' ನೀವು ಹೂಳೆತ್ತದ ಕೆರೆಗಳನ್ನೂ ಅಳೆದದ್ದು ಆ ಪ್ರಶ್ನೆಗೆ ಉತ್ತರ ಕೊಡಲಿಕ್ಕೇ. ಆ ಉತ್ತರ ಚಿತ್ರದಲ್ಲೇ ಕಾಣಲಿ.

ಅಳತೆಯ ಅಂಕಿಗಳನ್ನು ಮಾತ್ರ ಈ ಚಿತ್ರಗಳಲ್ಲಿ ಬೆರೆಸಬೇಡಿ. ಅವಕ್ಕೆ ಬೇರೆ ಗ್ರಾಫ್ ಮಾಡಿ. ಪೈ ಚಾರ್ಟ್ ಬೇಡ. ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಅನ್ನುವ ಇಬ್ಬರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರ ಕಣ್ಣನ್ನೇ ಪರೀಕ್ಷೆ ಮಾಡಿದರು. ಒಂದೇ ಅಳತೆಪಟ್ಟಿಯ ಮೇಲೆ ಇಟ್ಟ ಗುರುತುಗಳನ್ನು ನಾವು ಚೆನ್ನಾಗಿ ಹೋಲಿಸುತ್ತೇವೆ, ಕೋನವನ್ನು ಅಷ್ಟು ಚೆನ್ನಾಗಿ ಹೋಲಿಸಲಾರೆವು ಅಂತ ಅದರಿಂದ ಗೊತ್ತಾಯಿತು. ಪ್ರತಿ ಕೊಳವೆಬಾವಿಗೆ ಒಂದು ಚುಕ್ಕಿ, ಎರಡು ಗುಂಪು, ಒಂದೇ ಅಳತೆಪಟ್ಟಿ. ನಿಮ್ಮ ವಿಷಯಕ್ಕೆ ಇದೇ ಸರಿ. ಆಳವನ್ನು ತೋರಿಸುವಾಗ ಸೊನ್ನೆಯನ್ನು ಮೇಲಕ್ಕೆ ಇಟ್ಟು ಕೆಳಕ್ಕೆ ಎಣಿಸಿ, ನೀರು ಕೆಳಗೆ ಹೋದರೆ ಚುಕ್ಕಿಯೂ ಕೆಳಗೆ ಹೋಗಲಿ.

ಬಣ್ಣದ ಬಗ್ಗೆ ಕೇಳಿದಿರಿ. ನೀವು ಹೂಳೆತ್ತಿದ ಕೆರೆಗೆ ಹಸಿರು, ಎತ್ತದ ಕೆರೆಗೆ ಕೆಂಪು ಹಾಕಿದ್ದೀರಿ. ಕೆಂಪು-ಹಸಿರು ಗುರುತಿಸಲಾಗದವರು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಈ ತೊಂದರೆ ಇದೆ. ನಿಮ್ಮ ಪರೀಕ್ಷಕರೇ ಅಂಥವರಾಗಿರಬಹುದು. ನೀಲಿ ಮತ್ತು ಕಿತ್ತಳೆ ಹಾಕಿ. ಜಪಾನಿನ ಒಕಾಬೆ ಮತ್ತು ಇಟೊ ಅವರು ಎಲ್ಲರ ಕಣ್ಣಿಗೂ ಬೇರೆ ಬೇರೆಯಾಗಿ ಕಾಣುವ ಎಂಟು ಬಣ್ಣಗಳ ಪಟ್ಟಿ ಮಾಡಿದ್ದಾರೆ. ಅವರ ಹೆಸರಿನಲ್ಲಿ ಹುಡುಕಿದರೆ ಸಿಗುತ್ತದೆ, ನಾನು ಅದನ್ನೇ ಬಳಸುತ್ತೇನೆ. ಇನ್ನೂ ಸುಲಭವಾದ ಪರೀಕ್ಷೆ ಬೇಕಾದರೆ ಚಿತ್ರವನ್ನು ಒಂದು ಝೆರಾಕ್ಸ್ ಅಂಗಡಿಗೆ ಒಯ್ದು ಕಪ್ಪು-ಬಿಳುಪು ಪ್ರತಿ ತೆಗೆಸಿ. ನಿಮ್ಮ ಥೀಸಿಸ್ಸನ್ನು ಮುಂದೆ ಬಹಳ ಜನ ಓದುವುದು ಹಾಗೇ. ಅದರಲ್ಲೂ ಎರಡು ಕೆರೆ ಬೇರೆ ಅಂತ ಗೊತ್ತಾದರೆ ನೆಮ್ಮದಿ.

ಸಾಫ್ಟ್‌ವೇರ್‌ಗೆ ಈಗ ಬರುತ್ತೇನೆ. ಮೊದಲು ಪೆನ್ಸಿಲ್, ಹಾಳೆ. ಐದು ಸಲ ಬರೆದು ಹರಿಯಿರಿ. ಪೆನ್ಸಿಲ್ ಚಿತ್ರವನ್ನು ಅಳಿಸಲು ಮನಸ್ಸಿಗೆ ನೋವಾಗುವುದಿಲ್ಲ, ಕಂಪ್ಯೂಟರಿನಲ್ಲಿ ಮೂರು ಗಂಟೆ ಕೂತು ಮಾಡಿದ್ದನ್ನು ಅಳಿಸಲು ನೋವಾಗುತ್ತದೆ. ಆಮೇಲೆ ಇಂಕ್‌ಸ್ಕೇಪ್ ಬಳಸಿ. ಅದು ಉಚಿತ, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ. ಪವರ್‌ಪಾಯಿಂಟ್ ಅಭ್ಯಾಸ ಇದ್ದರೆ ಅದೂ ನಡೆಯುತ್ತದೆ. ಆದರೆ ನಿಮ್ಮ ಈಗಿನ ಚಿತ್ರದಲ್ಲಿ ಅಕ್ಷರ ಓದಲಾಗದೆ ಹೋದದ್ದು ಅದರಿಂದಲೇ. ಅದರ ವೈಡ್‌ಸ್ಕ್ರೀನ್ ಸ್ಲೈಡು 33.87 ಸೆಂಟಿಮೀಟರ್ ಅಗಲ ಇರುತ್ತದೆ. ಥೀಸಿಸ್ ಪುಟದಲ್ಲಿ ಅಂಚು ಬಿಟ್ಟು ನಿಮಗೆ ಸಿಗುವುದು ಸುಮಾರು 15. ಸ್ಲೈಡಿನಲ್ಲಿ 12 ಪಾಯಿಂಟ್ ಇದ್ದ ಅಕ್ಷರ ಪುಟಕ್ಕೆ ಬರುವ ಹೊತ್ತಿಗೆ 5.3 ಪಾಯಿಂಟ್ ಆಗಿರುತ್ತದೆ. ಅದನ್ನೇ ನೇಚರ್‌ನಂಥ ವಿಜ್ಞಾನ ಪತ್ರಿಕೆಯ ಒಂದು ಕಾಲಂಗೆ, ಅಂದರೆ 89 ಮಿಲಿಮೀಟರ್‌ಗೆ ಕುಗ್ಗಿಸಿದರೆ ಮೂರು ಪಾಯಿಂಟಿನ ಹತ್ತಿರ ಬಂತು. ಹಾಗಾಗಿ ಬರೆಯಲು ಶುರು ಮಾಡುವ ಮೊದಲೇ ಸ್ಲೈಡಿನ ಅಗಲವನ್ನು 15 ಸೆಂಟಿಮೀಟರ್ ಅಂತ ಬದಲಾಯಿಸಿಕೊಳ್ಳಿ. ಅಚ್ಚಾಗುವ ಅಳತೆಯಲ್ಲೇ ಬರೆದರೆ ಎಷ್ಟು ಹಿಡಿಸುತ್ತದೆ ಅನ್ನುವುದು ಕೂಡಲೇ ಗೊತ್ತಾಗುತ್ತದೆ, ಬಾಕ್ಸ್‌ಗಳು ತಾವಾಗಿ ಕಡಿಮೆಯಾಗುತ್ತವೆ. ಹೇಳಿದ್ದನ್ನು ಚಿತ್ರ ಮಾಡಿಕೊಡುವ ಎಐ ಉಪಕರಣಗಳ ತಂಟೆಗೆ ಹೋಗಬೇಡಿ. ಕೋಡಿ ಯಾವ ಮಟ್ಟದಲ್ಲಿರಬೇಕು ಅನ್ನುವ ಜವಾಬ್ದಾರಿ ಅವಕ್ಕಿಲ್ಲ. ನೇಚರ್ ಪತ್ರಿಕೆಯೂ ಅಂಥ ಚಿತ್ರಗಳನ್ನು ಪ್ರಕಟಿಸುವುದಿಲ್ಲ ಅಂತ 2023ರಲ್ಲೇ ಹೇಳಿದೆ.

ಕನ್ನಡದ ಪ್ರತಿ ಮಾಡುತ್ತೇನೆ ಅಂದದ್ದು ಓದಿ ನಿಜಕ್ಕೂ ಖುಷಿಯಾಯಿತು. ಅದಕ್ಕೆ ಸ್ವಲ್ಪ ಬೇರೆ ತಯಾರಿ ಬೇಕು. ಇಂಗ್ಲಿಷ್ ಚಿತ್ರ ಮುಗಿಸಿ ಆಮೇಲೆ ಪದ ಬದಲಾಯಿಸುತ್ತೇನೆ ಅಂದರೆ ಹಿಡಿಸುವುದಿಲ್ಲ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ಅಚ್ಚುಕಟ್ಟು' ಅಂತ ಬಾಕ್ಸಿನಲ್ಲಿ ಬರೆದು ನೋಡಿ, ಒತ್ತಕ್ಷರ ಕೆಳಗಿನ ಗೆರೆಗೆ ತಾಗುತ್ತದೆ. ಎರಡು ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ. ಮೊದಲು ಕನ್ನಡದ ಚಿತ್ರ ಮಾಡಿಕೊಂಡರೆ ಇಂಗ್ಲಿಷ್ ಅದರಲ್ಲಿ ಆರಾಮಾಗಿ ಕೂರುತ್ತದೆ. 'ನುಡಿ' ಸಾಫ್ಟ್‌ವೇರ್‌ನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಯೂನಿಕೋಡ್ ಬಳಸಿ. ನೋಟೊ ಸಾನ್ಸ್ ಕನ್ನಡ ಫಾಂಟ್ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗ್ರಾಫ್ ಮಾಡುವ ಕೆಲವು ಸಾಫ್ಟ್‌ವೇರ್‌ಗಳು ಒತ್ತಕ್ಷರವನ್ನು ಒಡೆದು ಬಿಡಿಬಿಡಿಯಾಗಿ ತೋರಿಸುತ್ತವೆ. ಅಂಥ ಕಡೆ ಗ್ರಾಫನ್ನು ಹೆಸರುಗಳಿಲ್ಲದೆ ತೆಗೆದು, ಹೆಸರುಗಳನ್ನು ಇಂಕ್‌ಸ್ಕೇಪ್‌ನಲ್ಲಿ ಸೇರಿಸಿ. ಗ್ರಾಫಿನ ಪಕ್ಕದಲ್ಲಿ ಅಡ್ಡ ಮಲಗಿಸಿ ಬರೆದ ಕನ್ನಡವನ್ನು ಓದಲು ಕತ್ತು ತಿರುಗಿಸಬೇಕು. ಅದನ್ನು ಗ್ರಾಫಿನ ಮೇಲೆ ನೆಟ್ಟಗೆ ಬರೆಯಿರಿ.

ಪದಗಳನ್ನು ನಿಘಂಟಿನಿಂದ ತರಬೇಡಿ. ನಿಮ್ಮ ಚಿತ್ರದ ಇಂಗ್ಲಿಷ್ ಪದಗಳಿಗೆ 'ಹೆಚ್ಚುವರಿ ಜಲ ನಿರ್ಗಮನ ದ್ವಾರ' ಅಂತ ಅನುವಾದ ಬರೆದಿದ್ದೀರಿ. ಅದು ಕೋಡಿ. 'ನೀರಾವರಿ ನಿಯಂತ್ರಣ ದ್ವಾರ' ಅಂದರೆ ತೂಬು. ಈ ಪದಗಳು ಊರಲ್ಲಿ ಇನ್ನೂ ಜೀವಂತವಾಗಿವೆ. ಅವನ್ನು ಬಳಸಿದರೆ ಬಾಕ್ಸಿನ ಅರ್ಧ ಜಾಗ ಉಳಿಯುತ್ತದೆ, ಊರಿನವರು ನಿಮ್ಮ ಜೊತೆ ವಾದಕ್ಕೂ ಇಳಿಯುತ್ತಾರೆ. ಅದೇ ಬೇಕಾದದ್ದು.

ಚಿತ್ರದ ಅಡಿಬರಹದಲ್ಲಿ ಈಗ 'ಅಧ್ಯಯನದ ಪರಿಕಲ್ಪನಾ ಚೌಕಟ್ಟು' ಅಂತಿದೆ. ಅದನ್ನು ತೆಗೆದು, ಮೇಲೆ ಹೇಳಿದ ಆ ಒಂದು ವಾಕ್ಯವನ್ನೇ ಮೊದಲ ಸಾಲಾಗಿ ಹಾಕಿ. ಚುಕ್ಕಿ ಗೆರೆ ಅಂದರೆ ಏನು, ಬಾಣದ ದಪ್ಪ ಅಂದರೆ ಏನು ಅನ್ನುವುದು ಎರಡನೆಯ ಸಾಲು.

ಕೊನೆಯ ಪ್ರತಿ ಮಾಡುವಾಗ ಅಕ್ಷರಗಳನ್ನು ಗೆರೆಗಳಾಗಿ ಬದಲಿಸಿ ಪಿಡಿಎಫ್ ಮಾಡಿ, ಆದರೆ ತಿದ್ದಲು ಬರುವ ಫೈಲನ್ನು ಬೇರೆಯಾಗಿ ಇಟ್ಟುಕೊಳ್ಳಿ. ವೈವಾ ಆದಮೇಲೆ ಖಂಡಿತ ಏನಾದರೂ ಬದಲಾಯಿಸಲು ಹೇಳುತ್ತಾರೆ. ಪೆನ್ಸಿಲ್ಲಿನಲ್ಲಿ ಎರಡು ಕೆರೆ ಬರೆದ ಕೂಡಲೇ ಫೋನಿನಲ್ಲಿ ಫೋಟೋ ತೆಗೆದು ಕಳಿಸಿ, ಅಂದವಾಗಿ ಇರಬೇಕು ಅಂತೇನಿಲ್ಲ. ಬಂದ ತಕ್ಷಣ ನಾನು ಮೊದಲು ಕೋಡಿಯ ಮಟ್ಟ ನೋಡುತ್ತೇನೆ.